ಆಯಿ ಆಡದ ಆಟ

ನಾನು ಹೇಳಬೇಕಾಗಿದ್ದುದು ಒಂದೇ ಮಾತು. "ಈ ಆಟ ಮಾಡಿದಾಕಿ ನಮ್ಮ ಅಕ್ಕ." ಇಷ್ಟೇ. ಹಿರಿಯರೊಬ್ಬರು ನನ್ನ ಮುಖ ನೋಡಿ ಕೇಳಿದರು. ನಾನು ಬೇರೆ ಏನನ್ನೋ ಹೇಳಿದೆ. ಆ ಸುಳ್ಳು ಅಚ್ಚಾಯಿತು, ಬಣ್ಣದ ಹೊದಿಕೆ ಹೊದ್ದುಕೊಂಡಿತು, ಬೆಳಗಾವಿಯ ಬಸ್ ಸ್ಟ್ಯಾಂಡಿನ ಅಂಗಡಿಗಳಲ್ಲಿ ದಾರಕ್ಕೆ ನೇತುಬಿದ್ದು ವರ್ಷಗಟ್ಟಲೆ ಮಾರಾಟವಾಯಿತು.

ಅಕ್ಕ ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಮಣ್ಣು ಕೊಟ್ಟು ಬಂದು ಖಾನಾಪುರದ ಮನೆಯ ಕಟ್ಟೆಯ ಮೇಲೆ ಕೂತಿದ್ದೆ. ದೂರದ ಸಂಬಂಧಿಯೊಬ್ಬ ನನ್ನ ಹೆಗಲ ಮೇಲೆ ಕೈಯಿಟ್ಟು, "ನಿಮ್ಮ ಆಯಿ ಆಟಾನ ಭಾಳ ಛಲೋ ನಡಸಿಕೊಂಡ ಬಂದ್ಲು ನೋಡಪಾ ನಿಮ್ಮಕ್ಕ" ಎಂದ. ನಮ್ಮ ಕಡೆ ಅಜ್ಜಿಗೆ ಆಯಿ ಎನ್ನುತ್ತೇವೆ. ನಾನು ಅವನ ಕೈ ತಳ್ಳಿ ಎದ್ದು ಹಿತ್ತಲಿಗೆ ಹೋದೆ. ಪಾಪ, ಅವನದೇನು ತಪ್ಪು? ಊರಿಗೆಲ್ಲ ನಾನು ಕಲಿಸಿದ ಪಾಠವನ್ನೇ ಅವನು ಒಪ್ಪಿಸಿದ್ದ. ಅವತ್ತಿನಿಂದ ಬರೆಯಬೇಕು ಎಂದುಕೊಳ್ಳುತ್ತಿದ್ದೇನೆ. ನಾನು ಕಲಿತದ್ದು ನಾಲ್ಕನೆಯ ಇಯತ್ತೆ. ಮುಂದಿನ ಕನ್ನಡವೆಲ್ಲ ಪ್ರೆಸ್ಸಿನಲ್ಲಿ ಬೇರೆಯವರ ಬರಹಕ್ಕೆ ಅಚ್ಚಿನ ಮೊಳೆ ಜೋಡಿಸುತ್ತ ಕಲಿತದ್ದು. ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಲಿ.

ಅಕ್ಕ ಕುಳ್ಳಿ. ಹೊಲಿಗೆ ಯಂತ್ರದ ಮುಂದೆ ಕೂತರೆ ಹಿಂದಿನಿಂದ ಸಾಲೆಗೆ ಹೋಗುವ ಹುಡುಗಿಯಂತೆ ಕಾಣುತ್ತಿದ್ದಳು. ಸೂಜಿಯನ್ನು ಹೆಗಲ ಮೇಲಿನ ಸೆರಗಿಗೆ ಚುಚ್ಚಿಕೊಂಡು ಮರೆತುಬಿಡುವಳು. ಪ್ರೀತಿಯಿಂದ ಬಂದು ತಬ್ಬಿಕೊಂಡ ಮಕ್ಕಳೆಲ್ಲ ಕಿರುಚಿಕೊಂಡು ಓಡುತ್ತಿದ್ದವು. ನಂದಗಡಕ್ಕೆ ಮದುವೆ ಮಾಡಿ ಕೊಟ್ಟಿದ್ದರು. ಎರಡು ಹಬ್ಬ ಕಳೆಯುವುದರೊಳಗೆ ಟ್ರಂಕು ಹೊತ್ತುಕೊಂಡು ತಿರುಗಿ ಬಂದಳು. ಯಾಕೆ ಬಂದೆ ಎಂದು ಕೇಳಿದವರಿಗೆಲ್ಲ "ಬಸ್ಸಿತ್ತು, ಬಂದ್ನಿ" ಎಂದು ಉತ್ತರ. ಎರಡನೆಯ ಸಲ ಕೇಳುವ ಧೈರ್ಯ ಯಾರಿಗೂ ಬರುತ್ತಿರಲಿಲ್ಲ. ಬಾಯಿ ಹಾಗಿತ್ತು. ಜಂಪರಿನ ತೋಳು ಬಿಗಿಯಾಯಿತೆಂದು ಜಗಳಕ್ಕೆ ಬಂದ ಒಬ್ಬ ದೊಡ್ಡ ಮನೆಯ ಹೆಂಗಸಿಗೆ, "ಅಳತಿ ಕೊಟ್ಟ ಮ್ಯಾಲ ನೀವು ಹೋಳಿಗಿ ಉಂಡ್ರ ನಾ ಏನ ಮಾಡ್ಲಿ ರೀ?" ಎಂದವಳು ಅವಳು.

ಖಾನಾಪುರದಲ್ಲಿ ಹಂಚಿನ ಕಾರ್ಖಾನೆಗಳು ಹೆಚ್ಚು. ಅಪ್ಪನೂ ಅಲ್ಲೇ ಕೆಲಸಕ್ಕಿದ್ದ. ಮಳೆ ಹಿಡಿದರೆ ಹಸಿ ಹಂಚು ಒಣಗುವುದಿಲ್ಲ, ಹೊರುವ ಹೆಂಗಸರಿಗೆ ಕೆಲಸವಿರುವುದಿಲ್ಲ. ಅವರಲ್ಲಿ ಕೆಲವರು ನಮ್ಮ ಪಡಸಾಲೆಗೆ ಬಂದು ಗೋಡೆಗೆ ಒರಗಿ ಕೂರುತ್ತಿದ್ದರು. ಅವರಿಗಾಗಿ ಅಕ್ಕ ಆ ಆಟ ಮಾಡಿದಳು. ಹೆಸರು ಉಪ್ಪಿನ ದಾರಿ.

ಪಗಡೆಯಂಥ ಆಟವಲ್ಲ ಅದು. ಮನೆ ಎಣಿಸುವುದು, ಕಾಯಿ ಹೊಡೆಯುವುದು ಇರಲಿಲ್ಲ. ಗೋವೆಯ ಕಡೆಯಿಂದ ಎತ್ತಿನ ಮೇಲೆ ಉಪ್ಪು ಹೇರಿಕೊಂಡು ಘಟ್ಟ ಹತ್ತಿ ಬರುವ ಒಂದು ತಂಡ. ಆಡುವವರು ಒಬ್ಬೊಬ್ಬರೂ ಆ ತಂಡದ ಒಬ್ಬೊಬ್ಬ ಮನುಷ್ಯ: ಎತ್ತಿನವ, ಸೂಲಗಿತ್ತಿ, ಬಳೆಗಾರ, ಕಳ್ಳ. ಯಾರಾಗುತ್ತೀರೋ ನೀವೇ ಆರಿಸಿಕೊಳ್ಳಬೇಕು, ಆ ಮನುಷ್ಯನಂತೆಯೇ ಮಾತಾಡಬೇಕು. ನೆಲದ ಮೇಲೆ ಸುಣ್ಣದಿಂದ ಬರೆದ ಘಟ್ಟ, ಹೊಳೆ, ಸುಂಕದ ಕಟ್ಟೆ. ಒಬ್ಬಳು ಕಥೆ ಹೇಳುವಾಕಿ. ದಾರಿಯಲ್ಲಿ ಏನು ಎದುರಾಯಿತೆಂದು ಅವಳು ಹೇಳುತ್ತಾಳೆ, ಏನು ಮಾಡುತ್ತೇವೆಂದು ಇವರು ಹೇಳುತ್ತಾರೆ, ಆದದ್ದೋ ಇಲ್ಲವೋ ಕವಡೆ ತೀರ್ಮಾನಿಸುತ್ತದೆ. ಉಪ್ಪು ಮಳೆಗೆ ಕರಗಿಹೋಗುವುದರೊಳಗೆ ಊರು ಮುಟ್ಟಬೇಕು.

"ಹೊಳಿ ತುಂಬೈತಿ," ಎನ್ನುತ್ತಿದ್ದಳು ಅಕ್ಕ, ಕೈಯಲ್ಲಿನ ಜಂಪರಿಗೆ ಗುಂಡಿ ಹಚ್ಚುತ್ತ. "ಎತ್ತು ನೀರಿಗೆ ಇಳಿವಲ್ದು. ಹಿಂದ ಸುಂಕದವರು ಬರಾಕತ್ತಾರ. ಗಂಗವ್ವಾ, ಈಗ ನೀ ಏನ ಮಾಡ್ತಿ?"

ಹಂಚು ಹೊರುವ ಗಂಗವ್ವ ನಿಜವಾಗಿಯೂ ಹೊಳೆಯ ಮುಂದೆ ನಿಂತವಳಂತೆ ಸೀರೆ ಎತ್ತಿ ಕಟ್ಟುತ್ತಿದ್ದಳು. "ನಾ ಎತ್ತಿನ ಬಾಲಾ ತಿರುವತೀನಿ."

"ತಿರುವಿದಿ. ಅದು ಒದೀತು. ಈಗ ಏನ ಮಾಡ್ತಿ?"

"ಅಯ್ಯ, ಒದ್ಯಾಕ ಯಾಕ ಹಚ್ಚಿದ್ಯಬೇ ಅದನ್ನ? ತಾ ಇಲ್ಲೆ ಕವಡಿ!"

ಈಗ ನೀ ಏನ ಮಾಡ್ತಿ? ಈ ಮಾತು ಅವಳಿಗೆ ಆಟದ ಹೊರಗೂ ಅಂಟಿಕೊಂಡಿತ್ತು. ಅಪ್ಪ ಕಾರ್ಖಾನೆಯಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡ ಸುದ್ದಿ ಬಂದಾಗ ಅವ್ವ ನೆಲಕ್ಕೆ ಕೂತು ಎದೆ ಬಡಿದುಕೊಳ್ಳುತ್ತಿದ್ದಳು. ಅಕ್ಕ ಯಂತ್ರ ನಿಲ್ಲಿಸಿ, "ಅವ್ವಾ, ಈಗ ನೀ ಏನ ಮಾಡ್ತಿ?" ಎಂದಳು. ಅವ್ವ ಬಾಯಿಗೆ ಬಂದಂತೆ ಬೈದಳು. ಬೈದು, ಎದ್ದು, ಗಾಡಿ ಕರೆಯಲು ಓಡಿದಳು.

ಆಟದಲ್ಲಿ ಅವಳು ಯಾರ ಮಾತಿಗೂ ಬಗ್ಗದೆ ಕಾಯ್ದುಕೊಂಡ ಒಂದು ಕಾನೂನಿತ್ತು. ಸತ್ತವರು ಎದ್ದು ಹೋಗುವಂತಿಲ್ಲ. ಹುಲಿ ಹಿಡಿಯಲಿ, ಹೊಳೆ ಎಳೆದುಕೊಳ್ಳಲಿ, ಸತ್ತವರು ಬಂದು ಹೇಳುವಾಕಿಯ ಬೆನ್ನ ಹಿಂದೆ ಕೂರಬೇಕು. ಅಲ್ಲಿಂದ ಮುಂದೆ ಅವರು ಕಾಡು. ಬದುಕಿದವರು ದಾರಿ ತಪ್ಪಿದಾಗ ಕಾಡನ್ನು ಏನು ಬೇಕಾದರೂ ಕೇಳಬಹುದು, ಕಾಡು ಉತ್ತರ ಕೊಡಲೇಬೇಕು. ಕಾಡಿಗೆ ಸುಳ್ಳು ಹೇಳುವ ಹಕ್ಕಿಲ್ಲ.

"ಸತ್ತಾವರನ್ನ ಎಬ್ಬಿಸಿ ಮನಿಗೆ ಕಳಸೂದಂದ್ರ ಏನಲೇ?" ಎಂದಿದ್ದಳು ನನಗೊಮ್ಮೆ. "ಮಳ್ಯಾಗ ತೊಯಿಸಿಕೊಂಡ ಬಂದಿರತಾರ. ಸತ್ತೀ ಹೋಗು ಅಂದ್ರ ಎಲ್ಲಿಗೆ ಹೋಗಬೇಕು ಅವರು?"

ಈಗ ಆಯಿಯ ವಿಷಯ. ನಮ್ಮ ಆಯಿ ಜನ್ಮದಲ್ಲಿ ಕವಡೆ ಮುಟ್ಟಿದವಳಲ್ಲ. ಆಟ ಆಡಿದರೆ ಮನೆಗೆ ದರಿದ್ರ ಬರುತ್ತದೆ ಎನ್ನುವವಳು. ನಾವು ಚಿಕ್ಕವರಿದ್ದಾಗ ನಮ್ಮ ಪಗಡೆಯ ಹಾಸನ್ನು ಒಲೆಗೆ ಹಾಕಿ ಅದರ ಮೇಲೆ ಚಹಾ ಕಾಸಿದ್ದಳು. ಆದರೆ ಪಡಸಾಲೆಯಲ್ಲಿ ವಯಸ್ಸಾದ ಹೆಂಗಸು ಯಾರಾದರೂ "ಇದ್ಯಾವ ಕಾನೂನಬೇ? ಯಾರ ಮಾಡಿದ್ದು?" ಎಂದು ತಕರಾರು ತೆಗೆದರೆ ಅಕ್ಕ ತಲೆಯೆತ್ತದೆ, "ನಮ್ಮ ಆಯಿ ಹಿಂಗ ಆಡತಿದ್ದಳರಿ" ಎಂದುಬಿಡುತ್ತಿದ್ದಳು. ತಕರಾರು ಅಲ್ಲಿಗೇ ಮುಗಿಯುತ್ತಿತ್ತು. ಗಂಡನ ಮನೆ ಬಿಟ್ಟು ಬಂದವಳು ಮಾಡಿದ ಕಾನೂನಿಗೆ ಯಾರು ತಲೆಬಾಗುತ್ತಾರೆ? ಸತ್ತ ಮುದುಕಿಯ ಕಾನೂನಾದರೆ ಎಲ್ಲರೂ ಒಪ್ಪುತ್ತಾರೆ. ನಮ್ಮ ಜನ ಹೀಗೇ. ನಾನೂ ನಗುತ್ತಿದ್ದೆ. ಒಂದು ದಿನ ಅದೇ ಸುಳ್ಳನ್ನು ಅವಳ ಕೊರಳಿಗೆ ಸುತ್ತುತ್ತೇನೆಂದು ಆಗ ನನಗೂ ಗೊತ್ತಿರಲಿಲ್ಲ.

ನಾನು ಬೆಳಗಾವಿಯಲ್ಲಿ ಖಡೇಬಜಾರದ ಹಿಂದಿನ ಗಲ್ಲಿಯ ಒಂದು ಪ್ರೆಸ್ಸಿನಲ್ಲಿ ಮೊಳೆ ಜೋಡಿಸುತ್ತಿದ್ದೆ. ಲಗ್ನಪತ್ರಿಕೆ, ದಿನದರ್ಶಿಕೆ, ಸಾಲೆಯ ಮಕ್ಕಳ ಗೈಡು ಅಚ್ಚು ಹಾಕುವ ಪ್ರೆಸ್ಸು. ಇಬ್ಬರು ಪಾಲುದಾರರು. ಒಬ್ಬರು ಯಂತ್ರ ನೋಡಿಕೊಳ್ಳುವವರು, ಇನ್ನೊಬ್ಬರು ಊರೂರು ತಿರುಗಿ ಮಾರುವವರು. ಎಪ್ಪತ್ತರ ದಶಕದ ನಡುವಿನ ಮಾತು. ಬೇಸಿಗೆ ಸೂಟಿಗೆ ಮಕ್ಕಳಿಗೆಂದು ಏನಾದರೂ ಹೊಸದು ಬೇಕೆಂದು ಇಬ್ಬರೂ ತಲೆ ಕೆರೆದುಕೊಳ್ಳುತ್ತಿದ್ದಾಗ ನಾನೇ ಅಕ್ಕನ ಆಟದ ಸುದ್ದಿ ಎತ್ತಿದೆ. ಅವರು ಖಾನಾಪುರಕ್ಕೆ ಬಂದು, ಅವಲಕ್ಕಿ ತಿಂದು, ಆಟ ನೋಡಿ, ಹೂಂ ಎಂದರು. ಅಕ್ಕ ಹೇಳುತ್ತ ಹೋದಳು, ನಾನು ಬರೆದುಕೊಂಡು ಬಂದು ಮೊಳೆ ಜೋಡಿಸುತ್ತ ಹೋದೆ. ತೆಳ್ಳನೆಯ ಪುಸ್ತಕ, ಮಡಿಚಿದ ಘಟ್ಟದ ನಕಾಶೆ, ಅಕ್ಕನೇ ಹೊಲಿದ ಪುಟ್ಟ ಚೀಲದಲ್ಲಿ ಕವಡೆ.

ಅದರಲ್ಲಿ ಕಾಡು ಇರಲಿಲ್ಲ. ಕಾಡಿನ ಕಾನೂನಿಗೆ ಒಂದೂವರೆ ಪುಟ ಬೇಕಾಗಿತ್ತು, ಪುಟ ಹೆಚ್ಚಾಗುತ್ತದೆ ಎಂದರು ಯಂತ್ರ ನೋಡಿಕೊಳ್ಳುವ ಮಾಲಕರು. "ಸತ್ತಾಂವ ಹೊರಗ ಅನ್ನು. ಒಂದ ಸಾಲಿನ್ಯಾಗ ಮುಗೀತದ." ನಾನು ನನ್ನ ಕೈಯಾರೆ ಆ ಸಾಲು ಜೋಡಿಸಿದೆ: ಸತ್ತವರು ಆಟದಿಂದ ಹೊರಗೆ. ಅಕ್ಕನ ಹೆಸರೂ ಎಲ್ಲಿಯೂ ಇರಲಿಲ್ಲ. ಹೊದಿಕೆಯ ಮೇಲೆ ಪ್ರೆಸ್ಸಿನ ಹೆಸರು ದಪ್ಪಕ್ಷರದಲ್ಲಿತ್ತು.

ಪುಸ್ತಕ ಕೈಗೆ ಬಂದಾಗ ಅಕ್ಕ ಅದನ್ನು ಎರಡು ಕಡೆಯಿಂದಲೂ ತಿರುವಿ ನೋಡಿದಳು. ಮಾಲಕರು ಎದುರಿಗೇ ಇದ್ದರು. "ಕಾಡು ಎಲ್ಲಿ ಹೋತರಿ?" ಎಂದು ಕೇಳಿದಳು. ಅವರು ನಕ್ಕರು. "ಎರಡನೇ ಆವೃತ್ತಿ ಅಂತ ಇರತದವಾ. ಅದರಾಗ ಕಾಡೂ ಹಾಕೂಣು, ನಿನ್ನ ಹೆಸರೂ ಹಾಕೂಣು."

ಅಕ್ಕ ಆ ಮಾತು ಹಿಡಿದುಕೊಂಡು ಕೂತಳು. ಬೇರೇನನ್ನೂ ಅವಳು ಕೇಳಲಿಲ್ಲ. ಮುಂದಿನ ಮಳೆಗಾಲಗಳಲ್ಲಿ ಆಟವನ್ನು ಮತ್ತೆ ಮತ್ತೆ ಆಡಿಸಿ ತಿದ್ದಿದಳು. ಘಟ್ಟ ಇಳಿಯುವ ದಾರಿ ಸೇರಿಸಿದಳು, ಒಬ್ಬರಿಗೊಬ್ಬರು ಮೋಸ ಮಾಡಿದರೆ ಏನಾಗಬೇಕೆಂದು ಸೇರಿಸಿದಳು. ನಾನು ಊರಿಗೆ ಹೋದಾಗಲೆಲ್ಲ, "ಎರಡನೇದ ಯಾವಾಗ ತರತಾರಂತ?" ಎಂದು ಕೇಳುತ್ತಿದ್ದಳು. ಒಂದು ಸಲ ಗಂಗವ್ವನ ಮುಂದೆ, "ಹೊದಿಕಿ ಮ್ಯಾಲ ಬ್ಯಾಡ. ಒಳಗ, ಮೊದಲನೇ ಹಾಳಿ ಮ್ಯಾಲ, ಸಣ್ಣ ಅಕ್ಷರದಾಗ ಬಂದ್ರ ಸಾಕು" ಎಂದಳು. ಗಂಗವ್ವ, "ಸಣ್ಣ ಯಾಕಬೇ? ಅಂಗಡಿ ಬೋರ್ಡಿನ ಹಂಗ ಹಾಕಸು" ಎಂದಳು. ಇಬ್ಬರೂ ನಕ್ಕರು. ನನಗೆ ನಗು ಬರಲಿಲ್ಲ. ಆ ಪುಸ್ತಕದ ಪ್ರತಿ ಅಕ್ಷರವನ್ನೂ ಒಂದೊಂದಾಗಿ ಹೆಕ್ಕಿ ಇಟ್ಟವನು ನಾನು. ಯಾರೂ ನನ್ನ ಹೆಸರು ಕೇಳಿರಲಿಲ್ಲ. ಊರಲ್ಲಿ ನನ್ನನ್ನು ಗುರುತಿಸುತ್ತಿದ್ದುದೇ "ಉಪ್ಪಿನ ದಾರಿ ಅಕ್ಕನ ತಮ್ಮ" ಎಂದು.

ಅಷ್ಟರಲ್ಲಿ ಪಾಲುದಾರರು ಜಗಳಾಡಿ ಬೇರೆಯಾದರು. ಮಾರುವವರು ಶಹಾಪುರದಲ್ಲಿ ಸ್ವಂತ ಪ್ರೆಸ್ಸು ಹಾಕಿದರು. ಹೋಗುವಾಗ ನಕಾಶೆಯ ಅಚ್ಚಿನ ಬ್ಲಾಕನ್ನು ಎತ್ತಿಕೊಂಡೇ ಹೋದರು. ನಾನು ಖಡೇಬಜಾರದಲ್ಲಿ ಯಂತ್ರದವರ ಹತ್ತಿರವೇ ಉಳಿದೆ. ಇಬ್ಬರೂ ಒಂದೇ ವಾರದಲ್ಲಿ ಗೋಡೆಗಳ ಮೇಲೆ ಹಾಳೆ ಅಂಟಿಸಿದರು. ಉಪ್ಪಿನ ದಾರಿ, ಎರಡನೆಯ ಆವೃತ್ತಿ, ಶೀಘ್ರದಲ್ಲಿ. ಖಡೇಬಜಾರದವರ ಹುಡುಗರು ಶಹಾಪುರದವರ ಹಾಳೆಯ ಮೇಲೆ ತಮ್ಮದನ್ನು ಅಂಟಿಸುವುದು, ಅವರು ಇವರದನ್ನು ಹರಿಯುವುದು. ಪ್ರೆಸ್ಸಿನ ಬಾಗಿಲಿಗೆ ಬಂದು ಒಬ್ಬರನ್ನೊಬ್ಬರು ಕಳ್ಳ ಎಂದು ಕೂಗುವವರೆಗೂ ಹೋಯಿತು. ಇಬ್ಬರ ಮಾತೂ ನಿಜವಾಗಿತ್ತು ಎನ್ನುವುದಷ್ಟೇ ಅದರಲ್ಲಿದ್ದ ಸೊಗಸು.

ಕಡೆಗೆ ಇಬ್ಬರಿಗೂ ಬೇಕಾದ ಹಿರಿಯರೊಬ್ಬರಲ್ಲಿ ನ್ಯಾಯ ಕೂಡಿತು. ಜೈನರು, ಬಟ್ಟೆ ವ್ಯಾಪಾರಿಗಳು, ಮಾತಿಗೆ ತೂಕವಿದ್ದವರು. ಅಂಗಡಿಯ ಗಾದಿಯ ಮೇಲೆಯೇ ಕೂರಿಸಿದರು. ಖಾನಾಪುರದಿಂದ ಅಕ್ಕನನ್ನೂ ಕರೆಸಿದ್ದರು. ಅವಳನ್ನು ಒಳಗೆ, ಮನೆಯ ಹೆಂಗಸರ ಜೊತೆ ಕೂರಿಸಿ ಚಹಾ ಕೊಟ್ಟರು. ನಡುವೆ ಒಂದು ಪರದೆ. ಆಟ ಮಾಡಿದವಳು ಪರದೆಯ ಆಚೆ. ಕದ್ದವರು, ಮೊಳೆ ಜೋಡಿಸಿದವನು ಗಾದಿಯ ಮೇಲೆ. ಅಕ್ಕ ನನಗಿಂತ ದೊಡ್ಡವಳು. ಆದರೆ ಕೇಳಿದ್ದು ನನ್ನನ್ನು, ಯಾಕೆಂದರೆ ನಾನು ಗಂಡಸು. ಇದನ್ನು ಬರೆಯುವಾಗ ಇವತ್ತಿಗೂ ಹಲ್ಲು ಕಡಿಯುತ್ತೇನೆ.

ಹಿರಿಯರು ನೇರ ಮನುಷ್ಯ. "ಇದರಾಗ ದೊಡ್ಡ ಪ್ರಶ್ನೆ ಏನೂ ಇಲ್ಲ. ಆಟ ಯಾರ ಮಾಡ್ಯಾರೋ, ಅವರು ಯಾರಿಗೆ ಕೊಡತಾರೋ, ಅವರು ಅಚ್ಚ ಹಾಕಲಿ. ಇನ್ನೊಬ್ಬರು ಬಿಡಲಿ. ಒಪ್ಪಿಗಿ ಐತೇನು?"

ಇಬ್ಬರೂ ತಲೆಯಾಡಿಸಿದರು. ಹಿರಿಯರು ನನ್ನ ಕಡೆ ತಿರುಗಿದರು. "ಹೇಳಪಾ ತಮ್ಮಾ. ಯಾರ ಮಾಡಿದ್ದು?"

ಹಿಂದಿನ ದಿನವೇ ನನ್ನ ಮಾಲಕರು ನನ್ನನ್ನು ಕಾಗದದ ಕೋಣೆಗೆ ಕರೆದು ಹೇಳಿದ್ದರು. "ನಿಮ್ಮಕ್ಕಗ ನನ್ನ ಮ್ಯಾಲ ಸಿಟ್ಟೈತಿ. ಕಾಡು ಕಾಡು ಅಂತ ಬಡಕೋತಾಳ. ಆಕಿ ಕೈಯಾಗ ಬಿಟ್ರ ಶಹಾಪುರಕ್ಕ ಕೊಡತಾಳ. ನೀ ಹಳೇ ಆಟ ಅಂತ ಹೇಳು. ಹಳೇದಕ್ಕ ವಾರಸದಾರ ಇರೂದಿಲ್ಲ." ಅಂಜಿಸಲಿಲ್ಲ, ಆಸೆಯನ್ನೂ ತೋರಿಸಲಿಲ್ಲ. ನನ್ನಂಥವನಿಗೆ ಅವೆರಡೂ ಬೇಕಾಗುವುದಿಲ್ಲ ಎಂದು ಅವರಿಗೆ ಹೇಗೆ ಗೊತ್ತಾಯಿತೋ.

"ನಮ್ಮ ಆಯಿದರಿ," ಎಂದೆ. "ಹಳೇ ಆಟ. ಆಯಿ ಆಡತಿದ್ದಳು."

ಪರದೆಯ ಹಿಂದೆ ಬಟ್ಟಲು ಇಟ್ಟ ಸದ್ದು ಕೇಳಿತು. ಹಿರಿಯರು ದನಿ ಎತ್ತಿ ಕೇಳಿದರು. "ಏನವಾ, ಖರೇ ಏನು?"

ಅಕ್ಕನಿಗಿಂತ ಮೊದಲು ಆ ಮನೆಯ ಯಜಮಾನಿಯೇ ಉತ್ತರ ಕೊಟ್ಟರು. ಅವರ ತವರು ಖಾನಾಪುರ. "ಹೌದು ಹೌದು, ಈಕಿ ಬಾಯಿಲೇನ ಕೇಳೀನಿ ನಾನು. ನಮ್ಮ ಆಯಿ ಹಿಂಗ ಆಡತಿದ್ದಳು ಅಂತಿರತಾಳ."

ಆಮೇಲೆ ಅಕ್ಕನ ದನಿ ಬಂತು. "ಹೌದರಿ. ನಾ ಹಂಗ ಅಂದೀನಿ."

ಸುಳ್ಳು ಹೇಳಲಿಲ್ಲ ಅವಳು. ಅಂದಿದ್ದಳು, ಅಂದೆ ಎಂದಳು. ನಾನು ಎದ್ದು ಪರದೆ ಸರಿಸಿ, ಅದು ಹಾಗಲ್ಲ ರೀ ಎಂದು ಹೇಳಲು ಆಗಲೂ ಸಮಯವಿತ್ತು. ಗಾದಿಯ ಅಂಚಿನ ದಾರ ಕೀಳುತ್ತ ಕೂತಿದ್ದೆ.

ಹಾಗಾದರೆ ಆಟ ಯಾರಪ್ಪನದೂ ಅಲ್ಲ, ಇಬ್ಬರೂ ಹಾಕಿಕೊಳ್ಳಿ ಎಂದು ನ್ಯಾಯ ಮುಗಿಯಿತು. ಬಸ್ ಸ್ಟ್ಯಾಂಡಿನವರೆಗೆ ಅಕ್ಕನ ಚೀಲ ಹಿಡಿದುಕೊಂಡು ಹೋದೆ. ಖಾನಾಪುರದ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿ ನನ್ನನ್ನು ನೋಡಿದಳು. "ಈಗ ನೀ ಏನ ಮಾಡ್ತಿ?"

"ಏನ ಮಾಡ್ಲಿ? ಪ್ರೆಸ್ಸಿಗೆ ಹೋಗತೀನಿ," ಎಂದೆ.

ಚೀಲ ಇಸಿದುಕೊಂಡು ಒಳಗೆ ಹೋದಳು.

ಆಮೇಲಿನದು ಹೇಸಿಗೆ. ಖಡೇಬಜಾರದವರು ಎರಡನೆಯ ಆವೃತ್ತಿಯ ಹೊದಿಕೆಗೆ ಆಯಿಯ ಫೋಟೋ ಬೇಕೆಂದರು. ನಾನೇ ಕೊಟ್ಟೆ. ಒಂದು ಮದುವೆಯ ಗುಂಪು ಫೋಟೋದಲ್ಲಿ ಆಯಿ ಮುಖ ಗಂಟು ಹಾಕಿಕೊಂಡು ನಿಂತಿದ್ದಳು. ಅವಳನ್ನು ಕತ್ತರಿಸಿ, ಹಣೆಗೆ ವಿಭೂತಿ ದಪ್ಪ ಮಾಡಿ, ಕೈಗೆ ಕವಡೆ ಬರೆಸಿದರು. ಕೆಳಗೆ "ಅಜ್ಜಿಯ ಅಸಲಿ ಆಟ". ಶಹಾಪುರದವರು ಸುಮ್ಮನಿರುತ್ತಾರೆಯೇ? ಎಲ್ಲಿಂದಲೋ ಇನ್ನೊಬ್ಬ ಮುದುಕಿಯ ಚಿತ್ರ ತಂದರು, ನಗುವ ಮುದುಕಿ, ದುಂಡು ಕನ್ನಡಕ. "ಅಜ್ಜಿಯ ಮೂಲ ಆಟ, ನಕಲಿಗೆ ಮೋಸ ಹೋಗದಿರಿ". ಒಬ್ಬರು ಮೂರನೆಯ ಆವೃತ್ತಿ ತಂದರೆ ಇನ್ನೊಬ್ಬರು ನಾಲ್ಕನೆಯದು ಎಂದೇ ಹಾಕಿದರು, ಅವರ ಮೂರನೆಯದು ಇರಲೇ ಇಲ್ಲ. ಒಬ್ಬರು ಉಪ್ಪಿನ ಬದಲು ಬಂಗಾರ ಹೊರಿಸಿದರು. ಬಂಗಾರ ಮಳೆಗೆ ಕರಗುತ್ತದೆಯೇ? ಕರಗದಿದ್ದರೆ ಆ ಆಟದಲ್ಲಿ ಅವಸರವೇನು ಉಳಿಯಿತು? ಇಷ್ಟು ಸಣ್ಣ ಮಾತು ಯಾರ ತಲೆಗೂ ಹೋಗಲಿಲ್ಲ. ಎಲ್ಲದರಲ್ಲಿಯೂ ಒಂದು ಸಾಲು ಮಾತ್ರ ಬದಲಾಗದೆ ಉಳಿದಿತ್ತು, ಯಾಕೆಂದರೆ ಒಬ್ಬರದನ್ನು ನೋಡಿ ಒಬ್ಬರು ಇಳಿಸುತ್ತಿದ್ದರು. ಸತ್ತವರು ಆಟದಿಂದ ಹೊರಗೆ.

ಹೊಸ ಪುಸ್ತಕ ನೋಡಿ ಅಕ್ಕ ಮೊದಲು ನಕ್ಕಳಂತೆ. ಗಂಗವ್ವ ಹೇಳಿದಳು. "ಆಯಿ ಕೈಯಾಗ ಕವಡಿ ಕೊಟ್ಟಾರಲ್ಲಬೇ! ಆಯಿ ಎದ್ದ ಬಂದ್ರ ಲಟ್ಟಣಗಿ ತಗೊಂಡ ಪ್ರೆಸ್ ಮಂದೀನ್ನೆಲ್ಲಾ ಅಟ್ಟಸಿಕೊಂಡ ಹೊಡೀತಾಳ" ಎಂದಳಂತೆ. ಆಮೇಲೆ ಮೊದಲನೆಯ ಹಾಳೆ ತೆರೆದು ನೋಡಿದಳಂತೆ. ಅಲ್ಲಿ ಮುದ್ರಕರ ಹೆಸರಿತ್ತು. ಪುಸ್ತಕ ಮುಚ್ಚಿ ಹೊಲಿಗೆ ಯಂತ್ರದ ಕೆಳಗೆ, ಕಾಲಿಗೆ ಎತ್ತರ ಸಾಲದೆ ಇಟ್ಟುಕೊಳ್ಳುವ ಇಟ್ಟಂಗಿಯ ಮೇಲೆ ಇಟ್ಟಳಂತೆ.

ಇನ್ನೂ ಕೆಟ್ಟದ್ದು ಆಯಿತು. ಊರಿನ ಹುಡುಗಿಯರು ಪುಸ್ತಕ ಕೊಂಡುಕೊಂಡು ಬಂದು ಅವಳದೇ ಪಡಸಾಲೆಯಲ್ಲಿ, ಅವಳ ಮುಂದೆಯೇ ಬೆರಳಿಟ್ಟು ತೋರಿಸತೊಡಗಿದರು. "ಅಕ್ಕಾರ, ಪುಸ್ತಕದಾಗ ಹಂಗಿಲ್ಲಲ್ಲರಿ. ನಿಮ್ಮ ಆಯಿನ ಬರದಾರಲ್ಲ, ಸತ್ತಾವರು ಹೊರಗ ಅಂತ." ಅಂಥ ಒಂದು ದಿನ ನಾನೂ ಅಲ್ಲಿದ್ದೆ. ಅಕ್ಕ ಹಲ್ಲಿನಿಂದ ದಾರ ಕಡಿದು, "ನನ್ನ ಮನ್ಯಾಗ ಸತ್ತಾವರು ಎಲ್ಲೂ ಹೋಗೂದಿಲ್ಲ. ಹೋಗಾವರು ಪುಸ್ತಕದವರ ಮನಿಗೆ ಹೋಗ್ರಿ" ಎಂದಳು. ಹುಡುಗಿಯರು ಹೋದರು. ನಮ್ಮ ಆಯಿ ಹಿಂಗ ಆಡತಿದ್ದಳು ಎಂಬ ಮಾತನ್ನು ಅವಳು ಅಂಗಡಿಯ ನ್ಯಾಯದ ನಂತರ ಒಮ್ಮೆಯೂ ಆಡಲಿಲ್ಲ. ಆ ಮಾತಿಲ್ಲದೆ ಅವಳ ಕಾನೂನಿಗೆ ಬೆಲೆಯೂ ಉಳಿಯಲಿಲ್ಲ. ಪಡಸಾಲೆಗೆ ಬರುವವರು ಕಡಿಮೆಯಾದರು. ಗಂಗವ್ವ ಮತ್ತು ಒಂದಿಬ್ಬರು ಉಳಿದರು.

ಅವಳು ನನ್ನ ಜೊತೆ ಮಾತು ಬಿಡಲಿಲ್ಲ. ಬಿಟ್ಟಿದ್ದರೆ ಚೆನ್ನಾಗಿತ್ತು. ಹಬ್ಬಕ್ಕೆ ಹೋದರೆ ಬಡಿಸುತ್ತಿದ್ದಳು, ಅಂಗಿಯ ಗುಂಡಿ ಹೋಗಿದ್ದರೆ ಹಚ್ಚಿ ಕೊಡುತ್ತಿದ್ದಳು. ಈಗ ನೀ ಏನ ಮಾಡ್ತಿ ಎಂದು ಮಾತ್ರ ನನ್ನನ್ನು ಕೇಳುತ್ತಿರಲಿಲ್ಲ. ಎಲ್ಲರನ್ನೂ ಕೇಳುತ್ತಿದ್ದಳು. ಹಾಲಿನವನು ಪಾತ್ರೆ ಚೆಲ್ಲಿಕೊಂಡು ನಿಂತರೆ ಅವನನ್ನೂ ಕೇಳುತ್ತಿದ್ದಳು. ನನ್ನನ್ನು ಬಿಟ್ಟು.

ನನಗೂ ಸಿಟ್ಟಿತ್ತು, ಅವಳ ಮೇಲೆಯೇ. ಪರದೆ ಹರಿದುಕೊಂಡು ಹೊರಗೆ ಬಂದು ನನ್ನ ಕಪಾಳಕ್ಕೆ ಬಾರಿಸಬೇಕಿತ್ತಲ್ಲ! ಬಸ್ಸಿತ್ತು ಬಂದ್ನಿ ಎಂದು ಊರಿನ ಬಾಯಿ ಮುಚ್ಚಿಸಿದವಳು ಅಲ್ಲಿ ಯಾಕೆ ಹೌದರಿ ಎಂದಳು? ಈ ಸಿಟ್ಟನ್ನು ಎಷ್ಟೋ ವರ್ಷ ಸಾಕಿಕೊಂಡೆ. ತಪ್ಪು ಮಾಡಿದವನಿಗೆ ಇಂಥದ್ದೊಂದು ಬೇಕಾಗುತ್ತದೆ.

ಎಂಬತ್ತರ ದಶಕದಲ್ಲಿ ಮನೆಮನೆಗೆ ಟಿವಿ ಬಂತು. ಭಾನುವಾರ ಬೆಳಿಗ್ಗೆ ಮಕ್ಕಳು ಅದರ ಮುಂದಿನಿಂದ ಏಳುತ್ತಿರಲಿಲ್ಲ. ಅಷ್ಟರಲ್ಲಿ ಆ ಎರಡೂ ಪ್ರೆಸ್ಸಿನವರು ಬೆಲೆ ಇಳಿಸುವ ಪೈಪೋಟಿಗೆ ಬಿದ್ದು, ರಾಶಿ ರಾಶಿ ಅಚ್ಚು ಹಾಕಿ, ಮಾರಲಾಗದೆ ಕೂತಿದ್ದರು. ಹೊದಿಕೆಗಳು ರದ್ದಿಗೆ ಹೋದವು. ಒಂದು ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಶೇಂಗಾ ಕೊಂಡೆ. ಪೊಟ್ಟಣ ಬಿಚ್ಚಿದರೆ ಒಳಗೆ ಆಯಿಯ ಮುಖ, ಗಂಟು ಹಾಕಿದ ಹುಬ್ಬು, ಎಣ್ಣೆಯ ಕಲೆ. ಶೇಂಗಾ ಅಲ್ಲೇ ಸುರುವಿ ಖಾನಾಪುರದ ಬಸ್ಸು ಹತ್ತಿದೆ. ಕೈಯಲ್ಲಿ ಚೀಲ ಕೂಡ ಇರಲಿಲ್ಲ.

ಮಳೆ ಹಿಡಿದಿತ್ತು. ಪಡಸಾಲೆಯಲ್ಲಿ ಆಟ ನಡೆಯುವುದಿತ್ತು. ಗಂಗವ್ವನಿಗೆ ತಲೆಯೆಲ್ಲ ಬೆಳ್ಳಗಾಗಿತ್ತು. ಪಕ್ಕದಲ್ಲಿ ಅವಳ ಹೊಸ ಸೊಸೆ, ಸಾಂಬ್ರಾ ಕಡೆಯ ಹುಡುಗಿ. ಜೊತೆಗೆ ಮರಾಠಿ ಮಾತಿನ ಒಬ್ಬ ನೆರೆಯಾಕೆ. ಅಕ್ಕ ನೆಲದ ಮೇಲೆ ಸುಣ್ಣ ಎಳೆಯುತ್ತಿದ್ದಳು. ತೊಯ್ದು ನಿಂತ ನನ್ನನ್ನು ನೋಡಿ, "ತಲಿ ಒರಸಿಕೋ" ಎಂದಳು.

"ನಾನೂ ಆಡತೀನಿ," ಎಂದೆ.

ಗಂಗವ್ವ ಬಾಯಿ ಬಿಟ್ಟು ನೋಡಿದಳು. ಆ ಪುಸ್ತಕವನ್ನು ಎಷ್ಟೋ ಸಲ ಮೊಳೆಯಲ್ಲಿ ಜೋಡಿಸಿದ್ದೆ, ಬಿಚ್ಚಿದ್ದೆ, ಮತ್ತೆ ಜೋಡಿಸಿದ್ದೆ. ಆಟ ಮಾತ್ರ ಒಮ್ಮೆಯೂ ಆಡಿರಲಿಲ್ಲ. ಎತ್ತಿನವನಾದೆ. ಏನು ಹೇಳಬೇಕೆಂದೇ ತಿಳಿಯುತ್ತಿರಲಿಲ್ಲ, ಸೊಸೆ ಕಿಸಕ್ಕನೆ ನಗುತ್ತಿದ್ದಳು. ಘಟ್ಟದ ಅರ್ಧಕ್ಕೆ ಬಂದೆವು. ಅಕ್ಕ ಒಂದು ಕಣ್ಣು ಮುಚ್ಚಿದಳು. ಹುಲಿ ಬರುವ ಮೊದಲು ಹಾಗೆ ಮುಚ್ಚುತ್ತಾಳೆಂದು ಗಂಗವ್ವನಿಗೆ ಗೊತ್ತು, ನನಗೆ ಗೊತ್ತಿರಲಿಲ್ಲ.

"ಹಿಂದ ಗಂಗವ್ವ ಕೆಸರಿನ್ಯಾಗ ಸಿಕ್ಕೊಂಡಾಳ, ಕೂಗಾಕತ್ತಾಳ. ಮುಂದ ದಾರಿ ಬಯಲೈತಿ," ಎಂದಳು. ಕೈಯಲ್ಲಿದ್ದ ಬಟ್ಟೆ ತೊಡೆಯ ಮೇಲಿಟ್ಟು ನನ್ನನ್ನು ನೋಡಿದಳು. "ತಮ್ಮಾ, ಈಗ ನೀ ಏನ ಮಾಡ್ತಿ?"

ಎಷ್ಟು ವರ್ಷಗಳಾಗಿದ್ದವೋ. ಆದರೂ ಬಾಯಿಗೆ ಬಂದದ್ದು ಹಳೆಯ ಚಾಳಿಯೇ. "ಮುಂದ ಹೋಗತೀನಿ."

"ಹಾಕು ಕವಡಿ."

ಎಲ್ಲವೂ ಬೋರಲು ಬಿದ್ದವು. "ಹುಲಿ ಒಯ್ತು," ಎಂದಳು ಅಕ್ಕ. ಗಂಗವ್ವ ಚಪ್ಪಾಳೆ ತಟ್ಟಿದಳು. "ಒಯ್ಲಿ ಬಿಡು! ನನ್ನ ಬಿಟ್ಟ ಹೊಂಟಿದ್ದ, ಭಾಡ್ಯಾ!"

"ಏಳು. ಹಿಂದ ಬಂದ ಕುಂದ್ರು," ಎಂದಳು ಅಕ್ಕ.

ನಾನು ಎದ್ದು ಅವಳ ಬೆನ್ನ ಹಿಂದೆ ಕೂತೆ. ಸೊಸೆಗೆ ಇದು ಸರಿಬರಲಿಲ್ಲ. "ನಾವು ನಮ್ಮೂರಾಗ ಪುಸ್ತಕಾ ನೋಡಿ ಆಡತಿದ್ದಿವರಿ. ಸತ್ತಾವರು ಹೊರಗ ಹೋಗತಿದ್ರು. ಇದ್ಯಾರು ಮಾಡಿದ ಕಾನೂನರಿ?"

ಅಕ್ಕ ಸೂಜಿಗೆ ದಾರ ಪೋಣಿಸುತ್ತಿದ್ದಳು. ದಾರ ಸೂಜಿಯ ಕಣ್ಣಿಗೆ ಸಿಗುತ್ತಿರಲಿಲ್ಲ. ಗಂಗವ್ವನೇ ಸೊಸೆಯ ತೊಡೆಗೆ ತಿವಿದಳು. "ನಮಗೇನ ಕೇಳತಿ? ಹಿಂದ ಕಾಡು ಕುಂತೈತಲ್ಲ, ಅದನ್ನ ಕೇಳು. ಅದು ಸುಳ್ಳ ಹೇಳೂದಿಲ್ಲ."

ಹುಡುಗಿ ನಗುತ್ತಲೇ ನನ್ನ ಕಡೆ ಬಗ್ಗಿದಳು. "ಕಾಡಪ್ಪಾ, ಈ ಆಟಾ ಯಾರದು?"

ನನ್ನ ಮುಂದೆ ಅಕ್ಕನ ಬೆನ್ನಿತ್ತು. ಹೆಗಲ ಮೇಲಿನ ಸೆರಗಿನಲ್ಲಿ ಮರೆತ ಇನ್ನೊಂದು ಸೂಜಿ ಮಿನುಗುತ್ತಿತ್ತು. ಅಂಗಡಿಯ ಗಾದಿಯ ಮೇಲೆ ಹಿರಿಯರು ಕೇಳಿದ್ದೂ ಇದನ್ನೇ.

"ಆಯಿದಲ್ಲವಾ," ಎಂದೆ. ಕೆಮ್ಮಿ ಮತ್ತೆ ಹೇಳಿದೆ. "ನಮ್ಮ ಆಯಿ ಜಲ್ಮದಾಗ ಕವಡಿ ಮುಟ್ಟಿಲ್ಲ. ಈ ಆಟಾ ಮಾಡಿದಾಕಿ ನಿನ್ನ ಮುಂದ ಕುಂತಾಳ. ಸತ್ತಾವರು ಹೊರಗ ಅಂತ ಪುಸ್ತಕದಾಗ ಮೊಳಿ ಜೋಡಿಸಿದಾಂವ ನಾನು."

ಸೂಜಿಗೆ ದಾರ ಹಾಕುತ್ತಿದ್ದ ಕೈ ನಿಂತಿತು. ಅಕ್ಕ ತಿರುಗಲಿಲ್ಲ.

"ಅಕ್ಕಾ, ಅವತ್ತ ನಾ ಮಾಲಕಗ ಅಂಜಿ ಹೇಳಲಿಲ್ಲಬೇ. ಅಂಜಿದ್ನಿ ಅಂತ ನನಗ ನಾನ ಹೇಳಿಕೋತ ಬಂದ್ನಿ, ಅದೂ ಸುಳ್ಳು. ನನ್ನ ಹೆಸರ ಇಲ್ಲದ ಪುಸ್ತಕದಾಗ ನಿನ್ನ ಹೆಸರ ಬರಬಾರದು ಅಂತ ಹೇಳಿದ್ನಿ. ಆಟಾ ನಿಂದು. ಕಾಡೂ ನಿಂದು. ನಂದ ತಪ್ಪಾತಬೇ ಯಕ್ಕಾ, ಭಾಳ ದೊಡ್ಡ ತಪ್ಪಾತು. ನನ್ನ ಕ್ಷಮಾ ಮಾಡು."